ಕರಕಲು ಕಾಳಿನ ವಯಸ್ಸು ಕಂಡುಹಿಡಿಯೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ, ಗದಗ, ಹಾವೇರಿ ಕಡೆ ಎಲ್ಲೇ ಉತ್ಖನನ ನಡೆದರೂ ಊರಿನವರು ಬಂದು ನಿಂತು ನೋಡುತ್ತಾರೆ. ಮೊದಲ ಪ್ರಶ್ನೆ ಯಾವಾಗಲೂ "ಬಂಗಾರ ಸಿಕ್ತೇನ್ರೀ?" ಎರಡನೆಯದು "ಎಷ್ಟು ವರ್ಷದ್ದು?" ಮೊದಲನೆಯದಕ್ಕೆ "ಇಲ್ರೀ" ಅಂದರೆ ಮುಗಿಯಿತು. ಎರಡನೆಯದಕ್ಕೆ ನಿಂತ ಕಾಲಲ್ಲಿ ಉತ್ತರ ಹೇಳೋಕಾಗಲ್ಲ. ನಾನು ಪ್ರಯೋಗಾಲಯದವನಲ್ಲ. ಧಾರವಾಡದಲ್ಲಿ ಓದುತ್ತಿದ್ದಾಗ ಶುರುವಾಗಿ, ಅಗೆದ ಮಣ್ಣು ತೊಳೆದು ಅದರಲ್ಲಿ ಕರಕಲು ಕಾಳು ಆರಿಸುವ ಕೆಲಸಕ್ಕೆ ಅಂಟಿಕೊಂಡವನು. ವರ್ಷಗಳಿಂದ ಕೇಳಿಸಿಕೊಂಡ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ರೇಡಿಯೋಕಾರ್ಬನ್ ಅಂದ್ರೆ ಏನು?

ಬಾಹ್ಯಾಕಾಶದಿಂದ ಬರುವ ಕಿರಣಗಳು ನಮ್ಮ ಗಾಳಿಯ ಮೇಲ್ಪದರಕ್ಕೆ ಸದಾ ಬಡಿಯುತ್ತಿರುತ್ತವೆ. ಆ ಹೊಡೆತಕ್ಕೆ ಅಲ್ಲಿನ ನೈಟ್ರೋಜನ್ ಸ್ವಲ್ಪ ಸ್ವಲ್ಪವೇ ಕಾರ್ಬನ್-14 ಆಗುತ್ತದೆ. ಇದನ್ನೇ ರೇಡಿಯೋಕಾರ್ಬನ್ ಅನ್ನೋದು. ಅದರ ಪ್ರಮಾಣ ತೀರಾ ಕಡಿಮೆ. ಸುಮಾರು ಒಂದು ಲಕ್ಷ ಕೋಟಿ ಕಾರ್ಬನ್ ಪರಮಾಣುಗಳಲ್ಲಿ ಒಂದು ಮಾತ್ರ ಈ ಜಾತಿಯದು. ಗಿಡ ಗಾಳಿಯಿಂದ ಕಾರ್ಬನ್ ಎಳೆದುಕೊಳ್ಳುವಾಗ ಇದೂ ಒಳಗೆ ಹೋಗುತ್ತದೆ. ಗಿಡ ತಿಂದ ದನಕ್ಕೆ, ಹಾಲು ಕುಡಿದ ನಮಗೆ, ಎಲ್ಲರಿಗೂ ಪಾಲು ಬರುತ್ತದೆ.

ಜೀವ ಇರುವವರೆಗೆ ಖರ್ಚು, ಜಮಾ ಎರಡೂ ನಡೆಯುತ್ತವೆ. ಜೀವ ಹೋದ ದಿನ ಜಮಾ ನಿಲ್ಲುತ್ತದೆ. ಖರ್ಚು ನಿಲ್ಲಲ್ಲ, ಒಳಗಿರುವ ಕಾರ್ಬನ್-14 ತಾನಾಗಿಯೇ ಒಡೆಯುತ್ತಾ ಹೋಗುತ್ತದೆ. 5,730 ವರ್ಷಕ್ಕೆ ಅರ್ಧ ಉಳಿಯುತ್ತದೆ, ಇನ್ನೂ 5,730 ವರ್ಷಕ್ಕೆ ಅದರಲ್ಲಿ ಅರ್ಧ. ಉಳಿದಿದ್ದು ಎಷ್ಟು ಅಂತ ಅಳೆದರೆ ಜಮಾ ಯಾವಾಗ ನಿಂತಿತು ಅಂತ ಲೆಕ್ಕ ಹಾಕಬಹುದು. ಅಮೆರಿಕದ ವಿಲ್ಲರ್ಡ್ ಲಿಬ್ಬಿ ಮತ್ತು ಅವರ ಜೊತೆಯವರು 1949ರಲ್ಲಿ ಇದನ್ನು ಮಾಡಿ ತೋರಿಸಿದರು. 1960ರಲ್ಲಿ ಲಿಬ್ಬಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಸುಮಾರು 50,000 ವರ್ಷದಾಚೆಗೆ ಈ ದಾರಿ ನಡೆಯಲ್ಲ. ಅಳೆಯೋಕೆ ಏನೂ ಉಳಿದಿರಲ್ಲ.

ಮಡಕೆ ಚೂರು, ಕಲ್ಲಿನ ಕೊಡಲಿ ಇಷ್ಟೊಂದು ಇವೆಯಲ್ಲ, ಕಾಳೇ ಯಾಕೆ?

ಕಲ್ಲು ಯಾವತ್ತೂ ಉಸಿರಾಡಿಲ್ಲ. ಮಡಕೆಯ ಮಣ್ಣೂ ಅಷ್ಟೇ. ಒಂದು ಕಾಲಕ್ಕೆ ಜೀವ ಇದ್ದದ್ದು ಬೇಕು. ಅದರಲ್ಲೂ ಕಾಳಿಗೆ ಒಂದು ದೊಡ್ಡ ಗುಣ ಇದೆ. ಅದು ಒಂದೇ ಬೆಳೆಯ ಮಗು. ಮುಂಗಾರಿನಲ್ಲಿ ಬಿತ್ತಿದ ಹೆಸರು ಕೆಲವೇ ತಿಂಗಳಲ್ಲಿ ಕಣಕ್ಕೆ ಬರುತ್ತದೆ. ಆ ಕಾಳಿನಲ್ಲಿರುವ ಕಾರ್ಬನ್ ಎಲ್ಲ ಆ ಒಂದು ಹಂಗಾಮಿನದು.

ಹಾಗಾದರೆ ಇದ್ದಿಲು? ಅದು ದೊಡ್ಡ ತುಂಡು ಸಿಗುತ್ತಲ್ವಾ?

ಸಿಗುತ್ತದೆ, ಕಳಿಸುತ್ತಾರೆ, ಹಳೆಯ ಇಸವಿಗಳು ಹೆಚ್ಚಾಗಿ ಇದ್ದಿಲಿನವೇ. ಆದರೆ ಇದ್ದಿಲಿನಲ್ಲಿ ಒಂದು ಮೋಸ ಇದೆ. ಮರದ ನಡುಗಟ್ಟು ಮರ ಕಡಿದ ದಿನ ಸತ್ತದ್ದಲ್ಲ. ಪ್ರತಿ ವರ್ಷದ ಸುತ್ತು ಆಯಾ ವರ್ಷವೇ ಲೆಕ್ಕ ಮುಗಿಸಿರುತ್ತದೆ. ಇನ್ನೂರು ವರ್ಷದ ತೇಗದ ನಡುಭಾಗ ಸುಟ್ಟರೆ, ನಿನ್ನೆ ಸುಟ್ಟರೂ ಯಂತ್ರ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೇಳುತ್ತದೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ನಮ್ಮ ಹಳೆ ಮನೆಗಳನ್ನೇ ನೋಡಿ. ಅಜ್ಜನ ಮನೆ ಬಿಚ್ಚಿದಾಗ ತೊಲೆ, ಕಂಬ ಯಾರಾದರೂ ಎಸೆಯುತ್ತಾರಾ? ಹೊಸ ಮನೆಗೆ ಹಾಕುತ್ತಾರೆ. ಅದೂ ಬಿದ್ದಾಗ ದನದ ಕೊಟ್ಟಿಗೆಗೆ ಹೋಗುತ್ತದೆ. ಕೊನೆಗೆ ನೀರೊಲೆಗೆ. ಆ ಒಲೆಯ ಇದ್ದಿಲನ್ನು ಮುಂದೆ ಯಾರಾದರೂ ಅಳೆದರೆ ಸಿಗೋದು ಒಲೆಯ ಕಾಲ ಅಲ್ಲ, ತೊಲೆಯ ಕಾಲ. ಆಗಿನವರೂ ನಮ್ಮ ಹಾಗೆಯೇ ಉಳಿತಾಯದವರು ಅಂತಲೇ ನನ್ನ ನಂಬಿಕೆ. ಇದ್ದಿಲೇ ಗತಿ ಅಂದಾಗ ತೊಗಟೆ ಹತ್ತಿರದ ಭಾಗ ಇಲ್ಲವೇ ಸಣ್ಣ ಕಡ್ಡಿ, ಪುಳ್ಳೆ ಆರಿಸಿ ಕಳಿಸುವುದು ಜಾಣತನ.

ಕಾಳು ಸಾವಿರಾರು ವರ್ಷ ಮಣ್ಣಲ್ಲಿ ಕೊಳೆಯಲ್ವಾ?

ಹಸಿ ಕಾಳು ಕೊಳೆಯುತ್ತದೆ, ಮೊಳೆಯುತ್ತದೆ, ಇರುವೆ ಹೊತ್ತೊಯ್ಯುತ್ತದೆ. ಕರಕಲಾದದ್ದು ಉಳಿಯುತ್ತದೆ. ಉರಿಯಲ್ಲಿ ಪೂರ್ತಿ ಸುಟ್ಟರೆ ಬೂದಿ. ಗಾಳಿ ಸಾಲದ ಕಡೆ, ಕೆಂಡದ ಅಡಿಯಲ್ಲಿ ಬೂದಿ ಮುಚ್ಚಿಕೊಂಡು ಬೆಂದರೆ ಕಾಳು ಕಪ್ಪಾಗಿ ಇದ್ದಿಲಾಗುತ್ತದೆ, ಆಕಾರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅದನ್ನು ತಿನ್ನೋಕೆ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಆಗಲ್ಲ.

ಅಂದರೆ ನಮಗೆ ಸಿಗೋದೆಲ್ಲ ಯಾವಾಗಲೋ ಆದ ಸಣ್ಣ ಎಡವಟ್ಟು. ಹುರಿಯುವಾಗ ಒಲೆಗೆ ಸಿಡಿದ ನಾಲ್ಕು ಹುರುಳಿ. ಹೊಟ್ಟು, ಕಸ ಒಲೆಗೆ ಹಾಕಿದಾಗ ಅದರ ಜೊತೆ ಹೋದ ಕಾಳು. ಕುಳ್ಳಿನ ಜೊತೆ ಬಂದದ್ದೂ ಇರುತ್ತದೆ. ದನ ತಿಂದ ಮೇವಿನಲ್ಲಿದ್ದ ಬೀಜ ಸೆಗಣಿಯಲ್ಲಿ ಬಂದು, ಕುಳ್ಳಾಗಿ ಒಣಗಿ, ಒಲೆಯಲ್ಲಿ ಕರಕಲಾಗುತ್ತದೆ. ಹಾಗಾಗಿ ಬೀಜ ಸಿಕ್ಕ ಕೂಡಲೇ "ಇದನ್ನು ತಿನ್ನುತ್ತಿದ್ದರು" ಅಂತ ಬರೆದುಬಿಡೋದು ತಪ್ಪು. ತಿಂದದ್ದು ಎಮ್ಮೆಯೂ ಆಗಿರಬಹುದು.

ಸುಟ್ಟಾಗ ವಯಸ್ಸು ಬದಲಾಗಲ್ವಾ?

ಇಲ್ಲ. ಬೆಂಕಿ ರಾಸಾಯನಿಕ ಬದಲಾವಣೆ ಮಾಡುತ್ತದೆ, ಪರಮಾಣುವಿನ ಒಳಗಿನ ಗಡಿಯಾರ ಮುಟ್ಟಲ್ಲ.

ನಮ್ಮ ಭಾಗದಲ್ಲಿ ಈ ಕೆಲಸ ಎಲ್ಲಿ ಆಗಿದೆ?

ಹೇಳಲೇಬೇಕಾದ ಊರು ಹಾವೇರಿ ಜಿಲ್ಲೆಯ ಹಳ್ಳೂರು. ತುಂಗಭದ್ರೆಯ ದಂಡೆ ಮೇಲಿದೆ. ಆಗ ಅದು ಅವಿಭಜಿತ ಧಾರವಾಡ ಜಿಲ್ಲೆ. 1960ರ ದಶಕದ ನಡುವೆ ಎಂ. ಎಸ್. ನಾಗರಾಜರಾವ್ ಅಲ್ಲಿ ಅಗೆಸಿದರು. ಕೆಳಗೆ ನವಶಿಲಾಯುಗದವರ ಪದರಗಳು, ಅಂದರೆ ಕಲ್ಲಿನ ಕೊಡಲಿ ಉಜ್ಜಿ ನುಣುಪು ಮಾಡಿ, ದನ ಸಾಕಿ, ಸುಗ್ಗಿ ಮಾಡಿದವರು. ಅದರ ಮೇಲೆ ಕಲ್ಲೂ ಕಬ್ಬಿಣವೂ ಒಟ್ಟಿಗೆ ಸಿಗುವ ಪದರ. ಅಲ್ಲಿಯ ಇದ್ದಿಲು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಹೋಯಿತು. ಕಬ್ಬಿಣ ಕಾಣಿಸಿಕೊಳ್ಳುವ ಕಾಲ ಸುಮಾರು ಕ್ರಿ.ಪೂ. 1000 ಅಂತ ಬಂತು.

ಇದು ಆಗ ಎಷ್ಟು ದೊಡ್ಡ ಸುದ್ದಿ ಅಂತ ತಿಳಿಯಬೇಕಾದರೆ 1947ಕ್ಕೆ ಹೋಗಬೇಕು. ಆ ವರ್ಷ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ್ದರು. ರೇಡಿಯೋಕಾರ್ಬನ್ ಇನ್ನೂ ಬಂದಿರಲಿಲ್ಲ. ನಾಣ್ಯ, ಮಡಕೆ, ಪದರದ ದಪ್ಪ ನೋಡಿ ಅಂದಾಜು ಮಾಡಬೇಕಿತ್ತು. ಕಲ್ಲಿನ ಕೊಡಲಿಯವರು ಕ್ರಿ.ಪೂ. ಮೊದಲ ಸಹಸ್ರಮಾನದ ಶುರುವಿನವರು, ಕಬ್ಬಿಣ ಬಳಸಿದ ಬೃಹತ್ ಶಿಲಾ ಸಮಾಧಿಯವರು ಸುಮಾರು ಕ್ರಿ.ಪೂ. 200ರಿಂದ ಈಚಿನವರು ಅಂತ ವೀಲರ್ ಬರೆದರು. ಅವರು ದಡ್ಡರೇನಲ್ಲ, ಕೈಯಲ್ಲಿ ಬೇರೆ ಅಳತೆಗೋಲು ಇರಲಿಲ್ಲ ಅಷ್ಟೇ. ಇದ್ದಿಲು ಮಾತಾಡೋಕೆ ಶುರು ಮಾಡಿದ ಮೇಲೆ ಕಬ್ಬಿಣ ನೂರಾರು ವರ್ಷ ಹಿಂದಕ್ಕೆ ಹೋಯಿತು. ದಕ್ಷಿಣದ ನವಶಿಲಾಯುಗ ಕ್ರಿ.ಪೂ. 3ನೇ ಸಹಸ್ರಮಾನಕ್ಕೇ ಹೋಗಿ ಕೂತಿತು.

ಆಮೇಲೆ ಎರಡನೇ ಅಲೆ. ಲಂಡನ್ನಿನ ಡೋರಿಯನ್ ಫುಲ್ಲರ್, ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೊರಿಶೆಟ್ಟರ್ ಮತ್ತು ಜೊತೆಯವರು ಬಳ್ಳಾರಿಯ ಸಂಗನಕಲ್ಲು, ನಮ್ಮ ಹಳ್ಳೂರು ಮುಂತಾದ ಕಡೆ ಮಣ್ಣು ತೊಳೆದು ಬೀಜ ತೆಗೆದರು. ಇದ್ದಿಲು ಬಿಟ್ಟು ಬೀಜಕ್ಕೇ ನೇರವಾಗಿ ಇಸವಿ ಕಟ್ಟಿಸಿ 2007ರಲ್ಲಿ ಪ್ರಕಟಿಸಿದರು. ಪದರದ ಕಾಲ ಬೇರೆ, ಬೆಳೆಯ ಕಾಲ ಬೇರೆ ಅನ್ನೋದನ್ನು ಬಿಡಿಸಿ ನೋಡೋಕೆ ಸಾಧ್ಯವಾದದ್ದು ಅಲ್ಲಿಂದ.

ಆಗಿನವರು ಜೋಳದ ರೊಟ್ಟಿ ತಿಂತಿದ್ರಾ?

ಈ ಪ್ರಶ್ನೆ ಕೇಳುವಾಗ ಎಲ್ಲರ ಮುಖದಲ್ಲೂ ಹೌದು ಅನ್ನಿಸಿಕೊಳ್ಳುವ ಆಸೆ ಇರುತ್ತದೆ. ಕ್ಷಮಿಸಿ. ಜೋಳ ಆಫ್ರಿಕಾದಿಂದ ಬಂದ ಬೆಳೆ. ದಕ್ಷಿಣದ ಮೊದಲ ರೈತರ ಮುಖ್ಯ ಬೆಳೆಗಳು ನಾಲ್ಕು: ಹುರುಳಿ, ಹೆಸರು, ಕೊರಲೆ, ಮತ್ತು ನವಣೆಯ ಸಂಬಂಧಿಯಾದ ಒಂದು ಹುಲ್ಲು. ಆ ಹುಲ್ಲು ಈಗ ಹೊಲದ ಕಳೆ, ಕಾಲಿಗೆ ಬಟ್ಟೆಗೆ ಅಂಟಿಕೊಳ್ಳುತ್ತದಲ್ಲ, ಅದೇ. ಗೋದಿ, ಜವೆಗೋದಿ ಉತ್ತರದ ಕಡೆಯಿಂದ ಆಮೇಲೆ ಬಂದವು. ಆಫ್ರಿಕಾದಿಂದ ಸಜ್ಜೆ, ಅವರೆ ಬಂದವು. ಕೊರಲೆ ಈಗ ಸಿರಿಧಾನ್ಯ ಅಂತ ಪ್ಯಾಕೆಟ್ಟಲ್ಲಿ ಜಾಸ್ತಿ ಬೆಲೆಗೆ ಬರುತ್ತಿದೆ. ಹಳ್ಳೂರಿನವರಿಗೆ ತೋರಿಸಿದರೆ ನಗುತ್ತಿದ್ದರು.

ಹಳ್ಳೂರಲ್ಲಿ ರಾಗಿ ಸಿಕ್ಕಿತ್ತು ಅಂತ ಓದಿದ್ದೆ.

ಹೌದು, ಮೊದಲ ವರದಿಗಳಲ್ಲಿ ಹಾಗೇ ಇದೆ. ಅದನ್ನು ಹಿಡಿದು ಭಾರತಕ್ಕೆ ರಾಗಿ ಬಂದ ಕಾಲ ಬಹಳ ಹಿಂದಕ್ಕೆ ಹೋಗಿತ್ತು. ಆಮೇಲೆ ಬೀಜ ಗುರುತಿಸುವವರು ಮತ್ತೆ ನೋಡಿ, ಅದು ರಾಗಿ ಅನ್ನೋಕೆ ಆಧಾರ ಸಾಲದು, ಕರಕಲಾದ ಬೇರೆ ಕಿರುಧಾನ್ಯ ಇರಬಹುದು ಅಂದರು. ಯಂತ್ರ ಇಸವಿ ಹೇಳುತ್ತದೆ, ಬೀಜದ ಹೆಸರು ಹೇಳಲ್ಲ. ಹೆಸರು ತಪ್ಪಾಗಿದ್ದರೆ ಸರಿಯಾದ ಇಸವಿಯೂ ತಪ್ಪು ಕಥೆಗೆ ಅಂಟಿಕೊಳ್ಳುತ್ತದೆ.

ಇಷ್ಟು ಮಣ್ಣಲ್ಲಿ ಸಾಸಿವೆಯಷ್ಟು ಕಾಳು ಹೇಗೆ ಹುಡುಕ್ತೀರಿ?

ತೇಲಿಸಿ. ಒಂದು ಬಕೆಟ್ ಮಣ್ಣು ತಗೊಂಡು ನೀರಿಗೆ ಹಾಕಿ ಮೆಲ್ಲಗೆ ಕಲಕಬೇಕು. ಕಲ್ಲು, ಮಡಕೆ ಚೂರು ತಳ ಸೇರುತ್ತವೆ. ಕರಕಲು ಹಗುರ, ಮೇಲೆ ಬರುತ್ತದೆ. ಮೇಲಿನ ನೀರನ್ನು ಅರ್ಧ ಮಿಲಿಮೀಟರ್‌ಗಿಂತ ಸಣ್ಣ ಕಣ್ಣಿನ ಜರಡಿಗೆ ಬಸಿಯಬೇಕು. ಎರೆ ಮಣ್ಣಾದರೆ ಅದಕ್ಕೂ ಮೊದಲು ತಾಸುಗಟ್ಟಲೆ ನೆನೆಸಬೇಕು, ಇಲ್ಲದಿದ್ದರೆ ಉಂಡೆ ಬಿಡೋದೇ ಇಲ್ಲ. ಜರಡಿಯಲ್ಲಿ ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ನೆರಳಲ್ಲಿ ಒಣಗಿಸಬೇಕು. ಬೇಗ ಆಗಲಿ ಅಂತ ಬಿಸಿಲಿಗೆ ಹಾಕಿದಿರೋ, ಮೂರು ಸಾವಿರ ವರ್ಷ ಗಟ್ಟಿಯಾಗಿದ್ದ ಕಾಳು ಅರ್ಧ ದಿನದಲ್ಲಿ ಪುಡಿ.

ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಒಂದು ಚಮಚದಷ್ಟು ಹರಡಿಕೊಂಡು ಕೂರೋದು. ಸಣ್ಣ ಕುಂಚದ ತುದಿಯಿಂದ ಒಂದೊಂದನ್ನೇ ಸರಿಸಬೇಕು. ಮುಕ್ಕಾಲು ಪಾಲು ಬೇರಿನ ಚೂರು, ಬಸವನಹುಳುವಿನ ಚಿಪ್ಪು, ಇರುವೆಯ ತಲೆ. ಮೊದಲ ವಾರ ನಾನು ತುಂಬಾ ಖುಷಿಯಿಂದ ಬೇರೆ ತೆಗೆದಿಟ್ಟ ಹದಿನಾಲ್ಕು "ಕಾಳು" ಇಲಿ ಹಿಕ್ಕೆ ಆಗಿತ್ತು. ಹುರುಳಿ ಚಪ್ಪಟೆ, ಒಂದು ಬದಿ ಬಾಗಿರುತ್ತದೆ. ಹೆಸರು ಪುಟ್ಟ ಪೀಪಾಯಿ ಥರ. ಆದರೆ ಹೆಸರಿಗೂ ಉದ್ದಿಗೂ ಹೊರಗಿನಿಂದ ವ್ಯತ್ಯಾಸ ಗೊತ್ತಾಗಲ್ಲ. ಕಾಳು ಎರಡು ಬೇಳೆಯಾಗಿ ಬಿಚ್ಚಿಕೊಂಡಿದ್ದರೆ ಅದೃಷ್ಟ. ಬೇಳೆಯ ಒಳಮೈಯಲ್ಲಿ ಮೊಳಕೆ ಕೂತಿದ್ದ ಗುರುತು ಇರುತ್ತದೆ, ಹೆಸರಿನಲ್ಲಿ ಆ ಗುರುತು ಉದ್ದ, ಉದ್ದಿನಲ್ಲಿ ಗಿಡ್ಡ. ನಾಳೆ ಅಡುಗೆಮನೆಯಲ್ಲಿ ನೆನೆಸಿದ ಕಾಳು ಬಿಡಿಸಿ ನೋಡಿ, ಕಾಣುತ್ತದೆ.

ಆ ಪದರದಲ್ಲೇ ಸಿಕ್ಕಿದ್ದು ಅಂದಮೇಲೆ ಆ ಕಾಲದ್ದೇ ಅಲ್ವಾ?

ಇಲ್ಲಿಯೇ ಎಲ್ಲರೂ ಎಡವೋದು. ನಾನೂ ಎಡವಿದ್ದೇನೆ. ಯಂತ್ರ ಕೊಡುವ ಇಸವಿ ಆ ಒಂದು ಕಾಳಿನದು. ಪದರದ್ದಲ್ಲ, ಪಕ್ಕದ ಮಡಕೆಯದ್ದಲ್ಲ, ಊರಿನದಂತೂ ಅಲ್ಲವೇ ಅಲ್ಲ. ಕಾಳಿಗೂ ಪದರಕ್ಕೂ ಸಂಬಂಧ ಇದೆ ಅಂತ ತೋರಿಸೋದು ಅಗೆದವರ ಕೆಲಸ.

ನಮ್ಮ ಎರೆ ಭೂಮಿ ಈ ಸಂಬಂಧ ಕೆಡಿಸೋದರಲ್ಲಿ ನಿಸ್ಸೀಮ. ಏಪ್ರಿಲ್‌ನಲ್ಲಿ ನವಲಗುಂದದ ಕಡೆ ಹೊಲದಲ್ಲಿ ನಡೆದವರಿಗೆ ಗೊತ್ತು, ಬಿರುಕಿನಲ್ಲಿ ಕೈ ಇಳಿಯುತ್ತದೆ. ಮೇಲಿನ ಕಾಳು ಆ ಬಿರುಕಿನಲ್ಲಿ ಸರ್ರನೆ ಕೆಳಗೆ ಹೋಗುತ್ತದೆ. ಮಳೆ ಬಂತು, ಮಣ್ಣು ಉಬ್ಬಿತು, ಬಿರುಕು ಮುಚ್ಚಿತು. ಹೊಸ ಕಾಳು ಹಳೇ ಪದರದ ವಾಸಿಯಾಯಿತು. ಇಲಿ, ಇರುವೆ, ಬೇರು ಸೇರಿ ಇನ್ನಷ್ಟು ಕಲಸುತ್ತವೆ. ಮನುಷ್ಯರೂ ಕಮ್ಮಿ ಇಲ್ಲ. ಹಗೇವು ನೆನಪಿದೆಯಲ್ಲ? ಜೋಳ ತುಂಬಿಡೋಕೆ ನೆಲದಲ್ಲಿ ತೋಡುತ್ತಿದ್ದ ಆಳದ ಗುಂಡಿ. ನೂರು ವರ್ಷದ ಹಿಂದಿನ ಹಗೇವು ಮೂರು ಸಾವಿರ ವರ್ಷದ ಪದರವನ್ನು ಸೀಳಿಕೊಂಡು ಹೋಗಿರುತ್ತದೆ. ಅದರ ಅಂಚು ಕಣ್ಣಿಗೆ ಬೀಳದೆ ಅಗೆದರೆ ಎರಡೂ ಕಾಲದ ಮಣ್ಣು ಒಂದೇ ಬುಟ್ಟಿಗೆ ಬೀಳುತ್ತದೆ.

ಕೆಲವು ಸಲ ಕಳ್ಳ ತಾನೇ ಸಿಕ್ಕಿಬೀಳುತ್ತಾನೆ. ಹಾವೇರಿ ಸೀಮೆ ಗೋವಿನಜೋಳದ ಸೀಮೆ, ಬ್ಯಾಡಗಿ ಮೆಣಸಿನಕಾಯಿಯ ಸೀಮೆ. ಎರಡೂ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಬಂದ 1498ಕ್ಕಿಂತ ಮುಂಚೆ ಇಲ್ಲಿ ಅವು ಇದ್ದಿದ್ದಕ್ಕೆ ಒಪ್ಪುವಂಥ ಆಧಾರ ಇಲ್ಲ. ಶೇಂಗಾ ಕೂಡ ಅಷ್ಟೇ. ಕಲ್ಲಿನ ಕೊಡಲಿಯ ಪದರದಲ್ಲಿ ಕರಕಲು ಗೋವಿನಜೋಳ ಸಿಕ್ಕರೆ ಇತಿಹಾಸ ತಿದ್ದಬೇಕಿಲ್ಲ, ಬಿರುಕು ಎಲ್ಲಿದೆ ಅಂತ ಹುಡುಕಬೇಕು. ಆದರೆ ಹುರುಳಿ ಹಾಗೆ ಸಿಕ್ಕಿಬೀಳಲ್ಲ. ಅವತ್ತೂ ಹುರುಳಿ, ಇವತ್ತೂ ಹುರುಳಿ. ಅದಕ್ಕೇ ಒಂದು ಕಾಳಿನ ಮೇಲೆ ಭಾರ ಹಾಕಬಾರದು. ಒಂದೇ ಗುಂಡಿಯ ಮೇಲಿಂದ ಕೆಳಗೆ ನಾಲ್ಕಾರು ಕಾಳು ಕಳಿಸಿ, ಇಸವಿಗಳು ವರಸೆಯಾಗಿ ಬರುತ್ತವಾ ನೋಡಬೇಕು. ಒಲೆಯೊಳಗೆ ಗುಂಪಾಗಿ ಸಿಕ್ಕ ಕಾಳು, ಚೆಲ್ಲಾಪಿಲ್ಲಿ ಸಿಕ್ಕ ಒಂಟಿ ಕಾಳಿಗಿಂತ ಹತ್ತು ಪಾಲು ಮೇಲು.

ಎಷ್ಟು ಕಾಳು ಬೇಕು?

ಈಗ ಒಂದೇ ಸಾಕು. ಹಿಂದೆ ಗ್ರಾಂಗಟ್ಟಲೆ ಇದ್ದಿಲು ಬೇಕಿತ್ತು. ಕಾರಣ ಸರಳ. 1 ಗ್ರಾಂ ಹೊಸ ಕಾರ್ಬನ್‌ನಲ್ಲಿ ನಿಮಿಷಕ್ಕೆ ಸುಮಾರು 14 ಕಾರ್ಬನ್-14 ಪರಮಾಣು ಒಡೆಯುತ್ತವೆ. ಹಳೇ ಪದ್ಧತಿಯಲ್ಲಿ ಆ ಒಡೆತವನ್ನೇ ಎಣಿಸುತ್ತಿದ್ದರು. 1 ಮಿಲಿಗ್ರಾಂ ಮಾತ್ರ ಇದ್ದರೆ ಇಡೀ ದಿನಕ್ಕೆ ಸುಮಾರು 20 ಒಡೆತ. ಎಣಿಸುತ್ತಾ ಕೂತರೆ ಮದುವೆ ಮುಂಜಿ ಎಲ್ಲ ಮುಗಿಯುತ್ತವೆ. ಆದರೆ ಅದೇ 1 ಮಿಲಿಗ್ರಾಂನಲ್ಲಿ ಒಡೆಯದೆ ಕೂತ ಪರಮಾಣುಗಳು ಸುಮಾರು 6 ಕೋಟಿ ಇರುತ್ತವೆ. 1970ರ ದಶಕದ ಕೊನೆಯಲ್ಲಿ ಬಂದ ವೇಗವರ್ಧಕ ಪದ್ಧತಿ ಒಡೆಯೋದನ್ನು ಕಾಯಲ್ಲ, ಇರುವ ಪರಮಾಣುಗಳನ್ನೇ ತೂಕದ ಮೇಲೆ ಬೇರ್ಪಡಿಸಿ ಎಣಿಸುತ್ತದೆ. ಒಂದು ಹೆಸರುಕಾಳಿಗೆ ವಯಸ್ಸು ಕೇಳೋಕೆ ಆದದ್ದು ಇದರಿಂದ.

ಪರೀಕ್ಷೆ ಆದಮೇಲೆ ಕಾಳು ವಾಪಸ್ ಬರುತ್ತಾ?

ಬರಲ್ಲ. ಮೊದಲು ಆಮ್ಲದಲ್ಲಿ ತೊಳೆದು ಸುಣ್ಣದ ಅಂಶ ತೆಗೆಯುತ್ತಾರೆ. ಆಮೇಲೆ ಕ್ಷಾರದಲ್ಲಿ, ಮಣ್ಣಿನಿಂದ ಇಳಿದ ಕೊಳೆತ ಎಲೆಯ ರಸ ಹೋಗಲಿ ಅಂತ. ಮತ್ತೆ ಆಮ್ಲ. ಉಳಿದದ್ದನ್ನು ಸುಟ್ಟು ಅನಿಲ ಮಾಡಿ, ಆ ಅನಿಲದಿಂದ ಗ್ರಾಫೈಟ್ ಮಾಡಿ ಯಂತ್ರಕ್ಕೆ ಕೊಡುತ್ತಾರೆ. ಅದಕ್ಕೇ ಕಳಿಸುವ ಮೊದಲು ಫೋಟೋ ತೆಗೆದು, ಅಳತೆ ಬರೆದು, ಗುರುತಿಸಿ ಇಡಬೇಕು.

ಕೈಯಲ್ಲಿ ಮುಟ್ಟಿದರೆ ಇಸವಿ ಕೆಡುತ್ತಾ?

ಒಂದು ಸಲ ಮುಟ್ಟಿದರೆ ಆಕಾಶ ಕಳಚಿ ಬೀಳಲ್ಲ, ತೊಳೆಯೋವಾಗ ಹೋಗುತ್ತದೆ. ಆದರೂ ಚಿಮಟಿಗೆ ಬಳಸಿ. ಹತ್ತಿ, ಅಂಟು, ಎಣ್ಣೆ, ಸಿಗರೇಟ್ ಬೂದಿ ಹತ್ತಿರ ಸುಳಿಯಬಾರದು.

ಲೆಕ್ಕ ನೋಡಿ. 3,000 ವರ್ಷದ ಕಾಳಿಗೆ ನೂರಕ್ಕೆ ಒಂದು ಪಾಲು ಇವತ್ತಿನ ಕಾರ್ಬನ್ ಸೇರಿದರೆ ಸುಮಾರು 35 ವರ್ಷ ಚಿಕ್ಕದಾಗಿ ಕಾಣುತ್ತದೆ. ಅದೇ ಒಂದು ಪಾಲು 40,000 ವರ್ಷದ ಇದ್ದಿಲಿಗೆ ಸೇರಿದರೆ 33,000ದ ಹತ್ತಿರ ಬಂದು ನಿಲ್ಲುತ್ತದೆ. ನಮ್ಮ ನವಶಿಲಾಯುಗಕ್ಕೆ ಭಯ ಕಮ್ಮಿ, ಗುಹೆಯ ಹಳೆಯ ಜನರ ಮೇಲೆ ಕೆಲಸ ಮಾಡುವವರಿಗೆ ಜಾಸ್ತಿ.

ನಾನು ಮಾಡಿದ ಅನಾಹುತ ಬೇರೆ ಥರದ್ದು. ಮೊದಲ ವರ್ಷ ಒಂದು ನದಿ ದಂಡೆಯ ಅಗೆತದಲ್ಲಿ, ಗುಂಡಿ ಮತ್ತು ಪದರದ ಸಂಖ್ಯೆಯನ್ನು ಕಾಗದದ ಚೀಟಿಯಲ್ಲಿ ಇಂಕ್ ಪೆನ್ನಿನಿಂದ ಬರೆದು ಒದ್ದೆ ಚೀಲದೊಳಗೇ ಹಾಕಿದ್ದೆ. ಎರಡು ವಾರ ಬಿಟ್ಟು ತೆರೆದರೆ ಒಂಬತ್ತು ಚೀಲದಲ್ಲಿ ನೀಲಿ ಕಲೆ ಬಿಟ್ಟು ಏನೂ ಇಲ್ಲ. ಒಂದರಲ್ಲಿ ಚೆಂದದ ಹುರುಳಿ ಇತ್ತು, ಹನ್ನೊಂದು ಕಾಳು. ಎಲ್ಲಿಯದು ಅಂತ ಗೊತ್ತಿಲ್ಲದ ಹುರುಳಿ ಸಾರಿಗೂ ಬರಲ್ಲ. ಈಗ ಪೆನ್ಸಿಲ್‌ನಲ್ಲಿ ಎರಡು ಚೀಟಿ ಬರೆಯುತ್ತೇನೆ, ಒಂದು ಒಳಗೆ, ಒಂದು ಹೊರಗೆ.

ವರದಿಯಲ್ಲಿ "2970 ± 30 ಬಿ.ಪಿ." ಅಂತ ಇದೆ. ಏನರ್ಥ?

ರಕ್ತದೊತ್ತಡ ಅಲ್ಲ, ಗಾಬರಿ ಬೇಡ. ಇಲ್ಲಿ ಬಿ.ಪಿ. ಅಂದರೆ "ಈಗಿನಿಂದ ಹಿಂದೆ". ಆ "ಈಗ" ಯಾವಾಗಲೂ 1950. ಪ್ರತಿ ವರ್ಷ ಬದಲಾಗುತ್ತಾ ಹೋದರೆ ಹಳೇ ವರದಿ ಓದೋರಿಗೆ ಹುಚ್ಚು ಹಿಡಿಯುತ್ತದೆ ಅಂತ ಒಂದು ಕಡೆ ಗೂಟ ಹೊಡೆದಿದ್ದಾರೆ. ಇನ್ನೊಂದು ಕಾರಣವೂ ಇದೆ: 1950, 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳು ಗಾಳಿಯ ಕಾರ್ಬನ್-14 ಅನ್ನು ಹತ್ತಿರಹತ್ತಿರ ಎರಡರಷ್ಟು ಮಾಡಿದವು, ಆಮೇಲಿನ ಗಾಳಿ ಲೆಕ್ಕಕ್ಕೆ ಆಧಾರ ಆಗಲ್ಲ.

± 30 ಅಂದರೆ ಅಳತೆಯ ಅನುಮಾನ. ನಿಜವಾದ ಸಂಖ್ಯೆ 2940 ಮತ್ತು 3000ದ ನಡುವೆ ಇರುವ ಸಾಧ್ಯತೆ ನೂರಕ್ಕೆ 68. ಆ 30ನ್ನು ಎರಡರಷ್ಟು ಮಾಡಿಕೊಂಡರೆ ನೂರಕ್ಕೆ 95. ತಪ್ಪು ಅಂತ ಓದಬೇಡಿ, ಪ್ರಾಮಾಣಿಕತೆ ಅಂತ ಓದಿ. ± ಇಲ್ಲದ ಇಸವಿ ಪೇಪರ್‌ನಲ್ಲಿ ಕಂಡರೆ ನಾನು ನಂಬೋಕೆ ಹೋಗಲ್ಲ.

ಹಾಗಾದರೆ 2970ರಲ್ಲಿ 1950 ಕಳೆದರೆ ಕ್ರಿ.ಪೂ. 1020?

ಅಲ್ಲ. ಈ ತಪ್ಪು ಪಠ್ಯಗಳಲ್ಲೂ ಇದೆ. ಗಾಳಿಯಲ್ಲಿ ಕಾರ್ಬನ್-14 ಎಲ್ಲ ಕಾಲದಲ್ಲೂ ಒಂದೇ ಸಮ ಇರಲಿಲ್ಲ. ಹಾಗಾಗಿ ಯಂತ್ರದ ವರ್ಷವನ್ನು ಪಂಚಾಂಗದ ವರ್ಷಕ್ಕೆ ತಿರುಗಿಸಬೇಕು. ಅದಕ್ಕೆ ಮರದ ಸುತ್ತುಗಳು ಸಹಾಯಕ್ಕೆ ಬಂದವು. ಸುತ್ತು ಎಣಿಸಿದರೆ ನಿಜವಾದ ವರ್ಷ ಗೊತ್ತು, ಅದೇ ಸುತ್ತನ್ನು ಅಳೆದರೆ ಯಂತ್ರದ ವರ್ಷ ಗೊತ್ತು. ಎರಡನ್ನೂ ಜೋಡಿಸಿ ಒಂದು ರೇಖೆ ಬರೆದಿದ್ದಾರೆ. ಈಗ ನಡೆಯುತ್ತಿರೋದು 2020ರ ಪರಿಷ್ಕರಣೆ, ಇಂಟ್‌ಕಾಲ್20. ಅದರ ಮೇಲೆ 2970 ± 30 ಇಟ್ಟರೆ ಸುಮಾರು ಕ್ರಿ.ಪೂ. 1280ರಿಂದ 1050ರ ನಡುವೆ ಬರುತ್ತದೆ. 1020 ಅದರೊಳಗೇ ಇಲ್ಲ.

ಆ ರೇಖೆ ಎಲ್ಲ ಕಡೆ ಇಳಿಜಾರಾಗಿಲ್ಲ. ಕ್ರಿ.ಪೂ. 800ರಿಂದ 400ರವರೆಗೆ ಸಪಾಟಾಗಿ ಮಲಗಿಬಿಟ್ಟಿದೆ. ಆ ನಾನೂರು ವರ್ಷದಲ್ಲಿ ಯಾವಾಗ ಬೆಳೆದ ಕಾಳಾದರೂ ಯಂತ್ರ ಹೆಚ್ಚುಕಡಿಮೆ ಒಂದೇ ಸಂಖ್ಯೆ ಕೊಡುತ್ತದೆ. 2450 ± 30 ಬಂತು ಅನ್ನಿ, ಸುಮಾರು ಕ್ರಿ.ಪೂ. 750ರಿಂದ 410ರವರೆಗೆ ಎಲ್ಲಿ ಬೇಕಾದರೂ ಇರಬಹುದು. ನಮ್ಮ ದುರದೃಷ್ಟಕ್ಕೆ ದಕ್ಷಿಣದ ಕಬ್ಬಿಣಯುಗದ ದೊಡ್ಡ ಭಾಗ ಇದೇ ಸಪಾಟಿನ ಮೇಲೆ ಕೂತಿದೆ. ಜಾಸ್ತಿ ದುಡ್ಡು ಕೊಟ್ಟು ಒಳ್ಳೆ ಯಂತ್ರಕ್ಕೆ ಕಳಿಸಿದರೂ ಇದು ಪೂರ್ತಿ ಬಗೆಹರಿಯಲ್ಲ.

ಹಳೇ ಪುಸ್ತಕದಲ್ಲಿ ಒಂದು ಇಸವಿ, ಹೊಸದರಲ್ಲಿ ಇನ್ನೊಂದು. ಯಾವುದು ನಂಬಲಿ?

ಮೇಲಿನ ತಿದ್ದುಪಡಿ ಆಗಿದೆಯಾ ನೋಡಿ. 1960, 70ರ ದಶಕದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಆಗಿರಲ್ಲ. ಇನ್ನೊಂದು, ಲಿಬ್ಬಿ ಮೊದಲು ಬಳಸಿದ ಅರ್ಧಾಯುಷ್ಯ, ಅಂದರೆ ಅರ್ಧ ಉಳಿಯೋಕೆ ಹಿಡಿಯುವ ಕಾಲ, 5,568 ವರ್ಷ. ಆಮೇಲೆ ಅದು 5,730 ಅಂತ ಗೊತ್ತಾಯಿತು. ಆದರೆ ಹಳೇ ಲೆಕ್ಕಗಳ ಜೊತೆ ಗೊಂದಲ ಆಗದಿರಲಿ ಅಂತ ಬಿ.ಪಿ. ಸಂಖ್ಯೆಗೆ ಈಗಲೂ 5,568 ಅನ್ನೇ ಬಳಸುತ್ತಾರೆ, ವ್ಯತ್ಯಾಸವನ್ನು ರೇಖೆ ಸರಿಮಾಡುತ್ತದೆ. ನಮ್ಮಲ್ಲಿ ಕೆಲವರು 5,730 ಹಾಕಿ ನೇರ ಕ್ರಿ.ಪೂ. ಬರೆದರು. ಅದಕ್ಕೇ ಒಂದೇ ಇದ್ದಿಲಿಗೆ ಮೂರು ಇಸವಿ ಓಡಾಡುತ್ತಿರುತ್ತವೆ. ಬಿ.ಪಿ. ಸಂಖ್ಯೆ ಹುಡುಕಿ ಹಿಡಿಯಿರಿ, ಉಳಿದದ್ದನ್ನು ಮತ್ತೆ ಲೆಕ್ಕ ಹಾಕಬಹುದು.

ಕೊರಲೆಗೂ ಹುರುಳಿಗೂ ಲೆಕ್ಕ ಒಂದೇನಾ?

ಒಳ್ಳೆ ಪ್ರಶ್ನೆ, ಕೃಷಿ ಓದಿದವರು ಮಾತ್ರ ಕೇಳುತ್ತಾರೆ. ಕೊರಲೆ, ಸಜ್ಜೆ, ಜೋಳದಂಥ ಗಿಡಗಳು ಕಾರ್ಬನ್ ಹಿಡಿಯುವ ರೀತಿ ಬೇರೆ. ಹುರುಳಿ, ಹೆಸರು, ಗೋದಿ, ಅಕ್ಕಿಗಿಂತ ಭಾರದ ಕಾರ್ಬನ್ ಅವುಗಳಲ್ಲಿ ಸ್ವಲ್ಪ ಜಾಸ್ತಿ ಇರುತ್ತದೆ. ತಿದ್ದದೆ ಬಿಟ್ಟರೆ ಕೊರಲೆ ಸುಮಾರು 200 ವರ್ಷಕ್ಕೂ ಹೆಚ್ಚು ಚಿಕ್ಕದಾಗಿ ಕಾಣುತ್ತದೆ. ಈಗಿನ ಪ್ರಯೋಗಾಲಯಗಳು ಆ ಭಾರದ ಜಾತಿಗಳಲ್ಲಿ ಒಂದಾದ ಕಾರ್ಬನ್-13 ಅಳೆದು ತಿದ್ದಿಯೇ ಕೊಡುತ್ತವೆ.

ಮೂಳೆಗೂ ಮಾಡಬಹುದಲ್ವಾ?

ಮಾಡಬಹುದು, ಒಳಗೆ ಕೊಲ್ಯಾಜನ್ ಎಂಬ ಪ್ರೋಟೀನ್ ಉಳಿದಿದ್ದರೆ. ನಮ್ಮ ಬಿಸಿಲು, ನಮ್ಮ ಮಣ್ಣಲ್ಲಿ ಅದು ಉಳಿಯೋದು ಕಷ್ಟ.

ಲಕ್ಕುಂಡಿ ಗುಡಿಗೂ ಹೀಗೇ ವಯಸ್ಸು ಹೇಳಬಹುದಾ?

ಕಲ್ಲಿಗೆ ಆಗಲ್ಲ ಅಂತ ಮೊದಲೇ ಹೇಳಿದೆ. ಅಲ್ಲಿ ಬೇಕಾಗಿಯೂ ಇಲ್ಲ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೆ 1007ರ ಶಾಸನವೇ ಇದೆ. ಶಾಸನ ಇರುವ ಕಡೆ ನಮ್ಮ ± 30 ತಗೊಂಡು ಹೋದರೆ, ಜನ್ಮಪತ್ರಿಕೆ ಕೈಯಲ್ಲಿ ಹಿಡಿದವರಿಗೆ ಹಲ್ಲು ನೋಡಿ ವಯಸ್ಸು ಹೇಳಿದ ಹಾಗೆ. ಆದರೆ ಗುಡಿಯ ಸುತ್ತಲಿನ ಊರು, ಒಲೆ, ಕಸದ ಗುಂಡಿ ಶಾಸನ ಬರೆಸಲ್ಲ. ಅಲ್ಲಿ ಕರಕಲು ಕಾಳಿಗೆ ಕೆಲಸ ಇದೆ.

ತಮಿಳುನಾಡಲ್ಲಿ ಕಬ್ಬಿಣ 5,300 ವರ್ಷದ್ದಂತೆ. ಹಳ್ಳೂರು ಹಿಂದೆ ಬಿತ್ತಾ?

2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಶಿವಗಲೈ ಎಂಬ ಜಾಗಕ್ಕೆ ಕ್ರಿ.ಪೂ. 3345ರವರೆಗಿನ ಇಸವಿಗಳನ್ನು ಪ್ರಕಟಿಸಿತು. ಇಲ್ಲಿ ರಾಜ್ಯದ ಅಭಿಮಾನ ತರೋದು ಬೇಡ. ಕೇಳಬೇಕಾದ ಪ್ರಶ್ನೆ ಹಳ್ಳೂರಿಗೆ ಕೇಳಿದ್ದೇ: ಅಳೆದದ್ದು ಏನು? ಇದ್ದಿಲಾದರೆ ಯಾವ ಮರ, ಎಷ್ಟು ವಯಸ್ಸಿನ ಮರ? ಅದಕ್ಕೂ ಕಬ್ಬಿಣಕ್ಕೂ ನಡುವೆ ಎಷ್ಟು ಮಣ್ಣಿತ್ತು? ಅದೇ ಶಿವಗಲೈನ ಒಂದು ಸಮಾಧಿ ಮಡಕೆಯಲ್ಲಿ ಸಿಕ್ಕ ಭತ್ತಕ್ಕೆ ಕ್ರಿ.ಪೂ. 1155 ಬಂದಿದೆ ಅಂತ 2021ರಲ್ಲಿ ಹೇಳಿದ್ದರು. ಎರಡೂ ಸಂಖ್ಯೆ ಪಕ್ಕಪಕ್ಕ ಇಟ್ಟು ಯೋಚಿಸಿ. ನನ್ನ ಒಲವು ಯಾವತ್ತೂ ಕಾಳಿನ ಕಡೆ.

ಇದು ವಿಕಿರಣ ಅಂತೀರಲ್ಲ, ಅಪಾಯ ಇಲ್ವಾ?

ಈ ಸಾಲು ಓದುತ್ತಿರುವ ನಿಮ್ಮ ಮೈಯಲ್ಲೇ ಸೆಕೆಂಡಿಗೆ ಸುಮಾರು 3,000 ಕಾರ್ಬನ್-14 ಪರಮಾಣು ಒಡೆಯುತ್ತಿವೆ. ಹಳೇ ಕಾಳಿನಲ್ಲಿ ಇನ್ನೂ ಕಮ್ಮಿ.

ಪರೀಕ್ಷೆ ಎಲ್ಲಿ ಮಾಡ್ತಾರೆ?

ಹುಬ್ಬಳ್ಳಿ-ಧಾರವಾಡದಲ್ಲಿ ಕಾಳು ಗುರುತಿಸುವವರೆಗೆ ಕೆಲಸ ಮಾಡಬಹುದು. ಕೃಷಿ ವಿಶ್ವವಿದ್ಯಾಲಯ ಪಕ್ಕದಲ್ಲೇ ಇರೋದು ದೊಡ್ಡ ಅನುಕೂಲ, ಹೋಲಿಸಿ ನೋಡೋಕೆ ಹೊಸ ಬೀಜ ಸಿಗುತ್ತವೆ. ಇಸವಿಗೆ ಹೊರಗೆ ಕಳಿಸಬೇಕು. ನವದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ, ಅಹಮದಾಬಾದ್‌ನ ಭೌತ ಸಂಶೋಧನಾ ಪ್ರಯೋಗಾಲಯ, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ ಈ ಕೆಲಸಕ್ಕೆ ಹೆಸರಾದವು. ಅಮೆರಿಕದ ಬೀಟಾ ಅನಾಲಿಟಿಕ್‌ಗೆ ಕಳಿಸುವವರೂ ಇದ್ದಾರೆ. ಕಾಳು ಯಾವ ಬೆಳೆಯದು, ಯಾವ ಪದರದ್ದು, ಯಾವ ಪ್ರಶ್ನೆಗೆ ಉತ್ತರ ಬೇಕು ಅಂತ ಬರೆದು ಕಳಿಸಿ. ಸುಮ್ನೆ "ಇದರ ವಯಸ್ಸು ಹೇಳಿ" ಅಂದರೆ ದುಡ್ಡು ದಂಡ.

ಕೃಷಿ ಹೊಂಡ ತೋಡುವಾಗ ಬೂದಿ, ಮಡಕೆ ಚೂರು, ಕರಿ ಕಾಳು ಬಂತು. ಏನು ಮಾಡಲಿ?

ಜೆಸಿಬಿ ನಿಲ್ಲಿಸಿ. ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ, ಅದರಲ್ಲಿ ಗುಂಡಿಯ ಗೋಡೆಯೂ ಕಾಣಬೇಕು, ಪಕ್ಕದಲ್ಲಿ ಒಂದು ಪೆನ್ನೋ ಸ್ಕೇಲೋ ಇಡಿ. ತಹಶೀಲ್ದಾರ್ ಕಚೇರಿಗೆ ಅಥವಾ ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಧಾರವಾಡದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ವಲಯ ಕಚೇರಿಯೂ ಇದೆ. ಹೊಲ ಹೋಗಿಬಿಡುತ್ತೆ ಅಂತ ಬಹಳ ಜನ ಹೆದರಿ ಮುಚ್ಚಿಹಾಕುತ್ತಾರೆ. ನಾಲ್ಕು ಮಡಕೆ ಚೂರು ಸಿಕ್ಕ ಮಾತ್ರಕ್ಕೆ ಹೊಲ ಹೋಗಲ್ಲ. ಪರವಾನಗಿ ಇಲ್ಲದೆ ನೀವೇ ಮುಂದೆ ಅಗೆಯೋದು ಮಾತ್ರ ಬೇಡ.

ಕಾಳು ಆಗಲೇ ಹೊರಗೆ ಬಂದುಬಿಟ್ಟಿದ್ದರೆ ತೊಳೆಯಬೇಡಿ, ಹತ್ತಿಯಲ್ಲಿ ಸುತ್ತಬೇಡಿ. ಸುತ್ತಲಿನ ಮಣ್ಣಿನ ಸಮೇತ ಅಲ್ಯೂಮಿನಿಯಂ ಹಾಳೆಯಲ್ಲಿ ಮಡಚಿ ಒಂದು ಡಬ್ಬಿಯಲ್ಲಿ ನೆರಳಲ್ಲಿಡಿ. ಮೇಲಿಂದ ಎಷ್ಟು ಅಡಿ ಆಳದಲ್ಲಿ ಸಿಕ್ಕಿತು ಅಂತ ಒಂದು ಚೀಟಿ ಬರೆಯಿರಿ. ಪೆನ್ಸಿಲ್‌ನಲ್ಲಿ.